ಬೂತಾಯಿಗೆ ಬೆಲೆ ತಂದ ಮೊಬೈಲು

1997ರ ಜನವರಿ 14, ಮಂಗಳವಾರ ಬೆಳಿಗ್ಗೆ. ಉತ್ತರ ಕೇರಳದ ವಡಕರ ಕಡಲತೀರ. 11 ಮಂದಿ ಮೀನುಗಾರರು ರಾಶಿ ರಾಶಿ ಬೂತಾಯಿ ಮೀನು ಹಿಡಿದು ತಂದಿದ್ದಾರೆ. ಕೊಳ್ಳುವವರೇ ಇಲ್ಲ! ಹಿಡಿದದ್ದನ್ನು ಚೆಲ್ಲುವುದೊಂದೇ ದಾರಿ. ಅದೇ ಹೊತ್ತಿಗೆ, ಅಲ್ಲಿಂದ 15 ಕಿಲೋಮೀಟರಿನೊಳಗೆ, ಚೋಂಬಾಲ ಮತ್ತು ಕೊಯಿಲಾಂಡಿಯ ತೀರಗಳಲ್ಲಿ 27 ವ್ಯಾಪಾರಿಗಳು ಎಷ್ಟು ದುಡ್ಡು ಕೊಡುತ್ತೇವೆಂದರೂ ಮೀನು ಸಿಗದೆ ಬರಿಗೈಲಿ ವಾಪಸು ಹೊರಟಿದ್ದಾರೆ!

ಇತ್ತ ಮೀನಿದೆ, ಅತ್ತ ದುಡ್ಡಿದೆ, ನಡುವೆ ಸುದ್ದಿ ಮಾತ್ರ ಇಲ್ಲ.

ಇದನ್ನು ಬರೆದಿಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ 15 ತೀರಗಳಲ್ಲಿ 1996ರಿಂದ 2001ರವರೆಗೆ ವಾರವಾರವೂ 300 ದೋಣಿಗಳ ಲೆಕ್ಕ ಹಿಡಿಸಿದರು. ಯಾರು ಎಷ್ಟು ಹಿಡಿದರು, ಎಲ್ಲಿ ಮಾರಿದರು, ಎಷ್ಟಕ್ಕೆ ಮಾರಿದರು, ಎಲ್ಲವೂ ದಾಖಲು. ಮೊದಮೊದಲು ಕಂಡದ್ದು ಹಳೆಯ ಕಥೆಯೇ. ಬೂತಾಯಿ ಬೇಗ ಕೆಡುವ ಮೀನು. ಇನ್ನೊಂದು ಊರಿಗೆ ದೋಣಿ ತಿರುಗಿಸಿದರೆ ಎಣ್ಣೆ ಖರ್ಚು. ಹೋದ ಮೇಲೆ ಅಲ್ಲೂ ಮೀನು ತುಂಬಿದ್ದರೆ? ಹಾಗಾಗಿ ಎಲ್ಲರೂ ತಂತಮ್ಮ ಊರಿನ ತೀರದಲ್ಲೇ ಮಾರುತ್ತಿದ್ದರು. ದಿನದ ಮೀನಿನಲ್ಲಿ ನೂರಕ್ಕೆ 5ರಿಂದ 8 ಪಾಲು ವ್ಯರ್ಥ.

ಅಷ್ಟರಲ್ಲಿ ಮೊಬೈಲ್ ಬಂತು. 1997ರಲ್ಲಿ ಕೋಯಿಕ್ಕೋಡ್ ಕಡೆ, 1998ರಲ್ಲಿ ಕಣ್ಣೂರು ಕಡೆ, 2000ದಲ್ಲಿ ಕನ್ನಡಿಗರೂ ಇರುವ ಕಾಸರಗೋಡಿನ ಕಡೆ. ಟವರುಗಳು ಎದ್ದದ್ದು ಪೇಟೆಯವರಿಗಾಗಿ. ಆದರೆ ಪೇಟೆಗಳು ಕರಾವಳಿಯಲ್ಲೇ ಇದ್ದುದರಿಂದ ಸಿಗ್ನಲ್ ಕಡಲೊಳಕ್ಕೂ 20–25 ಕಿಲೋಮೀಟರ್ ಹೋಯಿತು! ಮೀನುಗಾರರಿಗೆ ಯಾರೂ ತರಬೇತಿ ಶಿಬಿರ ಮಾಡಲಿಲ್ಲ, ಸಬ್ಸಿಡಿ ಕೊಡಲಿಲ್ಲ. ತಾವೇ ಫೋನು ಕೊಂಡರು. ದೋಣಿಯಲ್ಲಿ ನಿಂತೇ ತೀರಕ್ಕೆ ಕರೆ ಮಾಡಿ ರೇಟು ಕೇಳಿದರು, ಲಾಭ ಕಂಡ ಕಡೆಗೆ ದೋಣಿ ತಿರುಗಿಸಿದರು.

ಈಗ ಜೆನ್ಸನ್ ಬರೆದ ನಕ್ಷೆಯನ್ನು ನೋಡಬೇಕು! ಫೋನ್ ಬರುವ ಮೊದಲು ತೀರತೀರದ ಬೆಲೆಗಳ ಗೆರೆಗಳು ಹುಚ್ಚೆದ್ದು ಕುಣಿಯುತ್ತವೆ. ಒಂದೂರಲ್ಲಿ ಬೆಲೆ ಆಕಾಶದಲ್ಲಿ, ಪಕ್ಕದೂರಲ್ಲಿ ಸೊನ್ನೆ. ಕೋಯಿಕ್ಕೋಡಿಗೆ ಟವರ್ ಬಂದ ಕೆಲವೇ ವಾರಗಳಲ್ಲಿ ಅಲ್ಲಿನ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ, ಕಣ್ಣೂರಿನವು ಇನ್ನೂ ಕುಣಿಯುತ್ತಲೇ ಇವೆ. ಕಣ್ಣೂರಿಗೂ ಟವರ್ ಬರುತ್ತದೆ, ಅವೂ ತೆಪ್ಪಗಾಗುತ್ತವೆ. ಕೊನೆಗೆ ಕಾಸರಗೋಡು, ಅಲ್ಲೂ ಅದೇ! ಒಂದೇ ಸರಕಿಗೆ ಎಲ್ಲೆಡೆ ಒಂದೇ ಬೆಲೆ ಎಂಬ ಪಠ್ಯಪುಸ್ತಕದ ನಿಯಮ, ಉಪ್ಪುನೀರಿನ ಮೇಲೆ, ಕಣ್ಣೆದುರೇ ನಿಜವಾಗುತ್ತಿದೆ!

ವ್ಯರ್ಥವಾಗುತ್ತಿದ್ದ ಮೀನು ಹೆಚ್ಚುಕಡಿಮೆ ಸೊನ್ನೆಗಿಳಿಯಿತು. ಮೀನುಗಾರರ ಲಾಭ ಶೇ 8 ಏರಿತು. ಇನ್ನೂ ಅಚ್ಚರಿಯೆಂದರೆ ಕೊಳ್ಳುವವರಿಗೆ ಬೆಲೆ ಶೇ 4 ಇಳಿಯಿತು. ಮಾರುವವನೂ ಗೆದ್ದ, ತಿನ್ನುವವನೂ ಗೆದ್ದ!

2007ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನಾದ್ಯಂತ ಹೆಸರಾಯಿತು. ಮುಂದೆ ಕೇರಳದ ಮೀನುಗಾರರನ್ನೇ ಮತ್ತೆ ಕಂಡು ಬಂದ ಸಂಶೋಧಕಿಯರಾದ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಒಂದು ಎಚ್ಚರಿಕೆಯನ್ನೂ ಸೇರಿಸಿದರು: ಹರಾಜು ಕೂಗುವವರಿಂದ ಸಾಲ ಪಡೆದ ಮೀನುಗಾರ, ಬೇರೆಡೆ ಒಳ್ಳೆಯ ಬೆಲೆ ಇದೆಯೆಂದು ಗೊತ್ತಿದ್ದರೂ, ಅವರ ಬಳಿಯೇ ಮಾರಬೇಕಾಗುತ್ತದೆ. ಸಾಲದ ಹಂಗು ಫೋನಿನಿಂದ ಹರಿಯದು.

ಆದ್ದರಿಂದ ಹಳ್ಳಿಗೊಂದು ಆ್ಯಪ್ ಹಂಚಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಈ ಜನಕ್ಕೆ ಯಾವ ಸುದ್ದಿ ಸಿಗುತ್ತಿಲ್ಲ? ಸಿಕ್ಕರೆ ಅದರಂತೆ ನಡೆಯುವ ಸ್ವಾತಂತ್ರ್ಯ ಅವರಿಗಿದೆಯೇ? ಎರಡಕ್ಕೂ ಉತ್ತರವಿದ್ದ ಕಡೆ ತಂತ್ರಜ್ಞಾನವನ್ನು ಯಾರೂ ಕಲಿಸಬೇಕಾಗಿಲ್ಲ. ಜನ ತಾವಾಗಿಯೇ ಕಲಿಯುತ್ತಾರೆ.