ಹಳೆಯ ವಾಹನಗಳಲ್ಲಿ ಎಂಜಿನ್ ಆಯಿಲ್ ಒತ್ತಡ ಕಡಿಮೆಯಾಗುವುದು: ನೋಂದಣಿ ನವೀಕರಣದ ಅರ್ಜಿದಾರರಿಗೆ ಮಾಹಿತಿ

ಸಾರಿಗೇತರ ವಾಹನಗಳ ನೋಂದಣಿ ಪತ್ರವು ಸಾಮಾನ್ಯವಾಗಿ 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ತದನಂತರವೂ ವಾಹನವನ್ನು ಉಪಯೋಗಿಸಲಿಚ್ಛಿಸುವ ಮಾಲೀಕರು ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ನವೀಕರಣ ಪಡೆಯತಕ್ಕದ್ದು. ಅರ್ಜಿಗೆ ಮುನ್ನ ಬಣ್ಣ, ದೀಪ, ಟೈರುಗಳತ್ತ ಗಮನ ಹರಿಸುವ ಮಾಲೀಕರು ಎಂಜಿನ್ ಆಯಿಲ್ ಒತ್ತಡವನ್ನು ಮರೆಯುವುದೇ ಹೆಚ್ಚು.

ಎಂಜಿನ್‌ನ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗುಗಳನ್ನು ನೇರವಾಗಿ ತಾಕದೆ, ಆಯಿಲ್‌ನ ತೆಳುವಾದ ಪದರದ ಮೇಲೆ ತಿರುಗುತ್ತದೆ. ಬೇರಿಂಗುಗಳು ಸವೆದಂತೆ ಸಂದು ಹಿಗ್ಗಿ, ಪಂಪ್ ಒದಗಿಸುವ ಆಯಿಲ್ ಬೇಗನೆ ಹೊರಗೆ ಸೋರಿಹೋಗುವುದರಿಂದ ಒತ್ತಡ ಕುಸಿಯುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಾಗ, ಎಂಜಿನ್ ನಿಧಾನಗತಿಯಲ್ಲಿದ್ದಾಗ ಇದು ಮೊದಲು ಕಂಡುಬರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ದೀಪ ಮಿನುಗಿ, ಆಕ್ಸಿಲರೇಟರ್ ಒತ್ತಿದೊಡನೆ ಆರುವುದನ್ನು ಕಂಡು ದೋಷವಿಲ್ಲವೆಂದು ಭಾವಿಸುವುದು ಸರಿಯಲ್ಲ. ಬಹುತೇಕ ವಾಹನಗಳಲ್ಲಿ ಈ ದೀಪವು ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದಾಗ ಮಾತ್ರ ಹೊತ್ತುತ್ತದೆ. ಅಂದರೆ ಅದು ಮುನ್ಸೂಚನೆಯಲ್ಲ, ಒತ್ತಡ ಬಹುಮಟ್ಟಿಗೆ ಇಲ್ಲವಾಗಿದೆಯೆಂಬ ವರದಿ. ದೀಪದ ವೈರ್ ಕಳಚಿಸಿ ತೊಂದರೆ ನೀಗಿತೆನ್ನುವವರೂ ಇಲ್ಲದಿಲ್ಲ. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮೊದಲು ಈ ದೀಪ ಹೊತ್ತದಿದ್ದಲ್ಲಿ ಅದನ್ನೇ ಮೊದಲು ಸರಿಪಡಿಸತಕ್ಕದ್ದು.

ಚಾಲನೆಯಲ್ಲಿರುವಾಗ ದೀಪ ಹೊತ್ತಿದಲ್ಲಿ ವಾಹನವನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. "ಗ್ಯಾರೇಜು ಹತ್ತಿರದಲ್ಲೇ ಇದೆ" ಎಂದು ಓಡಿಸಿದ ಒಂದೆರಡು ಕಿಲೋಮೀಟರಿನಲ್ಲೇ ಬೇರಿಂಗ್ ಕಚ್ಚಿಕೊಂಡು ಎಂಜಿನ್ ಜಾಮ್ ಆಗಬಹುದು. ಸಮತಟ್ಟಾದ ಜಾಗದಲ್ಲಿ ಕೆಲವು ನಿಮಿಷ ಕಾದು ಡಿಪ್‌ಸ್ಟಿಕ್ ಪರಿಶೀಲಿಸತಕ್ಕದ್ದು. ಚಾರ್ಮಾಡಿ ಘಾಟಿಯಂತಹ ರಸ್ತೆಯ ತಿರುವುಗಳಲ್ಲಿ ಮಾತ್ರ ದೀಪ ಮಿನುಗುವುದಾದರೆ ಆಯಿಲ್ ಮಟ್ಟ ಇಳಿದಿರುವ ಸಂಭವವೇ ಹೆಚ್ಚು. ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಮೇಲಿನ ಗುರುತು ಮೀರಿ ತುಂಬಿಸುವುದೂ ತಪ್ಪು. ಹೆಚ್ಚಾದ ಆಯಿಲ್ ಕಡೆಯಲ್ಪಟ್ಟು ನೊರೆಯಾಗುತ್ತದೆ.

ಮಟ್ಟ ಸರಿಯಿದ್ದೂ ದೀಪ ಆರದಿದ್ದಲ್ಲಿ ವಾಹನವನ್ನು ಎಳೆಸಿಕೊಂಡು ಹೋಗುವುದೇ ಲೇಸು. ಗ್ಯಾರೇಜಿನಲ್ಲಿ, ಎಂಜಿನ್ ಬಿಚ್ಚಲು ಒಪ್ಪುವ ಮೊದಲು, ಪ್ರೆಷರ್ ಸ್ವಿಚ್ ಇರುವ ಜಾಗಕ್ಕೆ ಗೇಜ್ ಜೋಡಿಸಿ ನಿಜವಾದ ಒತ್ತಡ ಅಳೆಯುವಂತೆ ಕೋರತಕ್ಕದ್ದು. ಕೆಟ್ಟ ಸ್ವಿಚ್ ಒಂದರಿಂದಲೇ ದೀಪ ಹೊತ್ತಿರಬಹುದು. ಅದರ ಬದಲಾವಣೆ ಅಲ್ಪ ವೆಚ್ಚದ ಕೆಲಸ. ಒತ್ತಡವೇ ಕಡಿಮೆಯಿದ್ದಲ್ಲಿ, ಹೊಂದದ ದರ್ಜೆಯ ಆಯಿಲ್, ಅದರಲ್ಲಿ ಬೆರೆತ ಇಂಧನ, ಸಂಪ್‌ನ ಜಾಲರಿಯಲ್ಲಿ ಕಟ್ಟಿದ ಗಸಿ, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್, ಸವೆದ ಪಂಪ್ ಇವುಗಳನ್ನು ನೋಡಿದ ನಂತರವೇ ಬೇರಿಂಗುಗಳ ಸರದಿ. ಗಟ್ಟಿ ಆಯಿಲ್ ಹಾಕಿ ದೀಪ ಆರಿಸುವುದು ಗ್ಯಾರೇಜುಗಳ ಹಳೆಯ ರೂಢಿ. ಇದರಿಂದ ಸವೆದ ಭಾಗ ಸರಿಯಾಗುವುದಿಲ್ಲ, ತಣ್ಣಗಿರುವ ಎಂಜಿನ್‌ಗೆ ಆಯಿಲ್ ತಲುಪುವುದೂ ತಡವಾಗುತ್ತದೆ. ವಾಹನದ ಕೈಪಿಡಿಯಲ್ಲಿ ನಮೂದಿಸಿರುವ ದರ್ಜೆಯನ್ನೇ ಬಳಸತಕ್ಕದ್ದು. ಶಾಫ್ಟ್ ಗೀರಾಗುವ ಮೊದಲೇ ಬೇರಿಂಗ್ ಬದಲಿಸಿದರೆ ಖರ್ಚು ಅಷ್ಟಕ್ಕೇ ನಿಲ್ಲುತ್ತದೆ; ತಡವಾದರೆ ಶಾಫ್ಟ್ ಅನ್ನು ಗ್ರೈಂಡಿಂಗ್‌ಗೆ ಕಳುಹಿಸಬೇಕಾಗುತ್ತದೆ.

ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅದೇ ಎಂಜಿನ್ ದುರಸ್ತಿಯಾದಲ್ಲಿ ಬ್ಲಾಕ್ ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ಆದರೆ ಅಗ್ಗವೆಂದು ಬಳಸಿದ ಬೇರೊಂದು ಎಂಜಿನ್ ಕೂರಿಸಿದಲ್ಲಿ ಅದರ ಸಂಖ್ಯೆಯು ನೋಂದಣಿ ಪತ್ರದೊಂದಿಗೆ ತಾಳೆಯಾಗದೆ, ತಪಾಸಣೆಯ ದಿನ ಅರ್ಜಿ ತಡೆಯಾಗುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಮೇರೆಗೆ, ಪೂರ್ವಾನುಮೋದನೆಯಿಲ್ಲದೆ ಎಂಜಿನ್ ಬದಲಾಯಿಸಿದ್ದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನಿಗದಿತ ಶುಲ್ಕದೊಂದಿಗೆ ನೋಂದಣಿ ಪತ್ರ ಸಲ್ಲಿಸತಕ್ಕದ್ದು. ಎಂಜಿನ್ ಕೊಂಡ ರಸೀದಿಯನ್ನು, ಅದರಲ್ಲಿ ಸಂಖ್ಯೆ ನಮೂದಾಗಿರುವುದನ್ನು ಖಾತರಿಪಡಿಸಿಕೊಂಡು, ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.