ಮನೆಯಲ್ಲಿ ಶಾಸ್ತ್ರೀಯ ಸಂಗೀತ: ಒಳ್ಳೆಯ ಧ್ವನಿಮುದ್ರಿಕೆಯ ಆಯ್ಕೆ ಹೇಗೆ?

ಜಮಖಂಡಿ: ಶಾಸ್ತ್ರೀಯ ಸಂಗೀತವನ್ನು ಮನೆಯಲ್ಲಿಯೇ ಕೇಳಬಯಸುವವರಿಗೆ ಇಂದು ಧ್ವನಿಮುದ್ರಿಕೆಗಳ ಕೊರತೆಯಿಲ್ಲ. ಮೊಬೈಲ್ ತೆರೆದರೆ ಒಂದೇ ರಾಗದ ಹತ್ತಾರು ಮುದ್ರಣಗಳು ದೊರೆಯುತ್ತವೆ. ಆದರೆ ಅವುಗಳಲ್ಲಿ ಯಾವುದು ಮೂಲ ನಾದಕ್ಕೆ ಹತ್ತಿರವಾದುದು, ಯಾವುದು ಪ್ರತಿಯಿಂದ ತೆಗೆದ ಪ್ರತಿ ಎಂದು ಗುರುತಿಸುವುದು ಸುಲಭವಲ್ಲ. ಮುದ್ರಣವೇ ಕೆಟ್ಟಿದ್ದರೆ ದುಬಾರಿ ಸ್ಪೀಕರ್ ಕೊಂಡರೂ ಪ್ರಯೋಜನವಿಲ್ಲ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಕೇಳುಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಜಮಖಂಡಿಯಂತೆಯೇ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಮಿರಜ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು (1872-1937) ನೆಲೆಸಿದ್ದ ಊರು. ತಂಬೂರಿ ತಯಾರಿಕೆಗೂ ಹೆಸರಾದ ಊರು. ಇನ್ನೊಂದು ದಿಕ್ಕಿಗೆ ಧಾರವಾಡ. ಇವುಗಳಷ್ಟು ಹೆಸರಿಲ್ಲದ ಬೀಳಗಿಯಾದರೋ ಧ್ವನಿಮುದ್ರಣದ ಚರಿತ್ರೆಗೆ ಇಬ್ಬರು ಸಹೋದರಿಯರನ್ನು ನೀಡಿದೆ.

ಹೆಸರಿನ ಗೊಂದಲ

‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶದಾದ್ಯಂತ ಮನೆಮಾತಾದ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರು ಮಾಡಿದ ಗೋಹರಬಾಯಿ ಕರ್ನಾಟಕಿ ಇವರ ಸಹೋದರಿ. ಕಲ್ಕತ್ತೆಯ ಗೌಹರ್ ಜಾನ್ ಬೇರೆಯೇ ಗಾಯಕಿ. 1902ರಲ್ಲಿ ಭಾರತದ ಮೊದಲ ಗ್ರಾಮಫೋನ್ ಮುದ್ರಣಗಳಿಗೆ ಹಾಡಿದ ಆಕೆ 1930ರಲ್ಲಿ ಮೈಸೂರಿನಲ್ಲಿ ನಿಧನರಾದರು. ಹೆಸರಿನ ಸಾಮ್ಯದಿಂದ ಇವರಿಬ್ಬರನ್ನು ಒಬ್ಬರೆಂದು ಭಾವಿಸುವ ಅಪಾಯವಿದೆ. ಕಲ್ಕತ್ತೆಯ ಗೌಹರ್ ಜಾನರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಒಂದು ಗುರುತು. ಗಂಗೂಬಾಯಿ ಹಾನಗಲ್ಲರ ಆರಂಭದ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದಿದ್ದವು ಎಂಬುದನ್ನೂ ಹುಡುಕುವವರು ನೆನಪಿಡಬೇಕು.

ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ

1925ರವರೆಗೆ ಗಾಯಕರು ದೊಡ್ಡ ಕಹಳೆಯೊಂದರ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ತಂಬೂರಿಯ ಝೇಂಕಾರವಾಗಲಿ, ತಬಲಾದ ಎಡಗೈ ನಾದವಾಗಲಿ ಸರಿಯಾಗಿ ದಾಖಲಾಗುತ್ತಿರಲಿಲ್ಲ. ಆ ಬಳಿಕ ಮೈಕ್ರೊಫೋನ್ ಬಂದಿತು. ಆದರೂ ಪ್ಲೇಟಿನ ಒಂದು ಬದಿಯಲ್ಲಿ ಸುಮಾರು ಮೂರೂವರೆ ನಿಮಿಷ ಮಾತ್ರ ಹಾಡಬಹುದಾಗಿತ್ತು.

ಇವುಗಳಿಗೆ 78ರ ಪ್ಲೇಟುಗಳೆಂದು ಹೆಸರಿದ್ದರೂ ಮೊದಲ ದಶಕಗಳ ಮುದ್ರಣಗಳೆಲ್ಲವೂ ನಿಮಿಷಕ್ಕೆ 78 ಸುತ್ತಿನವಲ್ಲ. ವೇಗ ಶೇ 6ರಷ್ಟು ಹೆಚ್ಚಾದರೆ ಬಿಳಿ ಒಂದರ ಶ್ರುತಿ ಕರಿ ಒಂದಕ್ಕೆ ಏರುತ್ತದೆ. ಗಾಯಕನ ಕಂಠವೇ ಬದಲಾದಂತೆ ಕೇಳಿಸುತ್ತದೆ. ಇದು ನಮ್ಮ ಸಂಗೀತದ ಸಮಸ್ಯೆ ಮಾತ್ರವಲ್ಲ. ಜಾಝ್ ಸಂಗೀತದ ಪ್ರಸಿದ್ಧ ಆಲ್ಬಂ, ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ (1959) ಕೂಡ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ ಮೊದಲ ಬದಿಯ ಮೂರು ಕೃತಿಗಳಲ್ಲಿ ತುಸು ಏರಿದ ಶ್ರುತಿಯಲ್ಲಿ ದಶಕಗಳ ಕಾಲ ಮಾರಾಟವಾಯಿತು. 1990ರ ದಶಕದ ಮರುಮುದ್ರಣಗಳಲ್ಲಿ ಈ ದೋಷ ನಿವಾರಣೆಯಾಯಿತು. ಯಾವ ವರ್ಷದ ಮರುಮುದ್ರಣ ಎಂದು ನೋಡಿ ಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ.

ಸದ್ದು ತೆಗೆದಷ್ಟೂ ಒಳ್ಳೆಯದಲ್ಲ

ಹಳೆಯ ಪ್ಲೇಟಿನ ಚರಪರ ಸದ್ದನ್ನು ಕಂಪ್ಯೂಟರ್ ಮೂಲಕ ಪೂರ್ತಿಯಾಗಿ ಅಳಿಸಿದರೆ ತಂಬೂರಿಯ ಮೇಲಿನ ನಾದಗಳೂ ಅದರೊಂದಿಗೆ ಹೋಗುತ್ತವೆ. ಕಂಠವು ಮುಚ್ಚಿದ ಕೋಣೆಯಿಂದ ಬಂದಂತಾಗುತ್ತದೆ. ಸ್ವಲ್ಪ ಸದ್ದು ಉಳಿದಿದ್ದರೂ ಕಂಠ ಜೀವಂತವಾಗಿರುವ ಪ್ರತಿಯೇ ಮೇಲು. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. (ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಬೇರೆ.) ಅವಧಿ ಮುಗಿದ ಮುದ್ರಣಗಳನ್ನು ಮೂಲ ಟೇಪ್ ಇಲ್ಲದವರೂ ಹೊರತರಬಹುದಾದ್ದರಿಂದ ಕಳಪೆ ಪ್ರತಿಗಳಿಗೂ ಬರವಿಲ್ಲ.

ಎಲ್ಲಿ ಹುಡುಕಬೇಕು?

ಗ್ರಾಮಫೋನ್ ಕಂಪನಿ (2000ದಿಂದ ಸರೆಗಮ) ಬಳಿ ಎಲ್‌ಪಿ ಕಾಲದ ಮೂಲ ಟೇಪುಗಳ ದೊಡ್ಡ ಸಂಗ್ರಹವಿದೆ. ಪೂರ್ಣ ವಿಸ್ತಾರದ ಗಾಯನ ಬಯಸುವವರಿಗೆ ಆಕಾಶವಾಣಿ ತನ್ನ ಭಂಡಾರದಿಂದ ಹೊರತಂದ ಸಿಡಿಗಳು ಉಪಯುಕ್ತ. 78ರ ಪ್ಲೇಟುಗಳಿಗೆ ಬೆಂಗಳೂರಿನ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಡಿಜಿಟಲ್ ಸಂಗ್ರಹವನ್ನು ನೋಡಬಹುದು. ಹೊಸ ಕೇಳುಗರಿಗೆ ನಿಂಬಸ್ ಸಂಸ್ಥೆಯ ‘ದಿ ರಾಗ ಗೈಡ್’ (1999) ಒಳ್ಳೆಯ ಆರಂಭ. ನಾಲ್ಕು ಸಿಡಿಗಳಲ್ಲಿ 74 ರಾಗಗಳಿದ್ದು, ಶ್ರುತಿ ಸಡೋಲಿಕರ್, ಹರಿಪ್ರಸಾದ್ ಚೌರಾಸಿಯಾ ಮೊದಲಾದವರು ಪಾಲ್ಗೊಂಡಿದ್ದಾರೆ. ವಿಶ್ವಮೋಹನ ಭಟ್ ಮತ್ತು ರೈ ಕೂಡರ್ ಅವರ ‘ಎ ಮೀಟಿಂಗ್ ಬೈ ದಿ ರಿವರ್’ (1993) ಅಮೆರಿಕದ ಚರ್ಚೊಂದರಲ್ಲಿ ಮುದ್ರಣಗೊಂಡದ್ದು. ಸ್ಥಳದ ಸಹಜ ಅನುರಣನ ನಾದಕ್ಕೆ ಏನು ಕೊಡುತ್ತದೆ ಎಂಬುದಕ್ಕೆ ಇದು ಮಾದರಿ.

ಕೊಳ್ಳುವ ಮುನ್ನ

* ಹೊದಿಕೆಯ ಮೇಲೆ ಮುದ್ರಣದ ವರ್ಷ, ಸ್ಥಳ, ಸಾಥಿದಾರರ ಹೆಸರು ಇವೆಯೇ ನೋಡಬೇಕು. ಇವಿಲ್ಲದಿದ್ದರೆ ಪ್ರತಿಯ ಮೂಲ ಸಂಶಯಾಸ್ಪದ.
* ಮೊದಲ ಎರಡು ನಿಮಿಷ ತಂಬೂರಿಯನ್ನೇ ಆಲಿಸಬೇಕು. ಅದು ಎಡೆಬಿಡದೆ, ಅಲುಗಾಡದೆ ಕೇಳಿಸಿದರೆ ಮುದ್ರಣ ಉತ್ತಮ.
* ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿಯಿದ್ದರೆ ಸಾಮಾನ್ಯ ಎಂಪಿ3 ಕಡತದಲ್ಲಿ 128 ಮಾತ್ರ. ಸಾಧ್ಯವಿದ್ದಲ್ಲಿ ಸಿಡಿ ಅಥವಾ ಫ್ಲಾಕ್ ಕಡತವನ್ನೇ ಆರಿಸಬೇಕು.
* ಬನಹಟ್ಟಿಯಂತೆ ವಿದ್ಯುತ್ ಮಗ್ಗಗಳ ಸದ್ದಿರುವ ಓಣಿಗಳಲ್ಲಿ ಸ್ಪೀಕರ್‌ಗಿಂತ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಅನುಕೂಲ.

ಅಟ್ಟದ ಮೇಲಿನ ಪ್ಲೇಟುಗಳು

ಪ್ಲೇಟುಗಳು ಇನ್ನೂ ಮನೆಯಲ್ಲಿರುವವರು ಅವನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಬೇಕು. ಅರಗಿನಿಂದ ತಯಾರಾದ ಇವುಗಳನ್ನು ಸ್ಪಿರಿಟ್‌ನಿಂದ ಒರೆಸಿದರೆ ಮೇಲ್ಮೈ ಕರಗುತ್ತದೆ. ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿಡಬೇಕು. ಗೀರು ಅಗಲವಾಗಿರುವುದರಿಂದ ಎಲ್‌ಪಿ ಮುಳ್ಳಿನಿಂದ ನುಡಿಸುವುದೂ ಸಲ್ಲದು. ಮೂಲ ಅಚ್ಚು ಉಳಿಯದ ಹಾಡುಗಳಿಗೆ ಮನೆಗಳಲ್ಲಿ ಉಳಿದ ಪ್ರತಿಗಳೇ ಆಧಾರ. ಬೀಳಗಿಯ ಕಂಠಗಳು ಮುಂದಿನ ಪೀಳಿಗೆಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ಅಂತಹ ಪ್ರತಿಗಳ ಸ್ಥಿತಿಯನ್ನು ಅವಲಂಬಿಸಿದೆ.