ರಸೀದಿ ಕೇಳೋಕೆ ಸಂಕೋಚ ಯಾಕೆ?

ಮಗೂನ ಒಂದನೇ ಕ್ಲಾಸಿಗೆ ಸೇರಿಸೋಕೆ ಹೋದ್ರೆ ಫೀಸಿನ ಜೊತೆ ‘ಬಿಲ್ಡಿಂಗ್ ಫಂಡ್’ ಅಂತ ಇನ್ನಷ್ಟು ಕೇಳ್ತಾರೆ. ರಸೀದಿ? ‘ಅದಕ್ಕೆಲ್ಲ ಕೊಡಲ್ಲ ಮೇಡಂ’ ಎಂಬ ಉತ್ತರ. ಗೇಟಿನ ಹೊರಗೆ ಗೊಣಗುವ ನಾವು ಆಫೀಸಿನೊಳಗೆ ಬಾಯಿ ಬಿಡುವುದಿಲ್ಲ. ನಾಳೆ ಮಗುವನ್ನು ಗೋಳು ಹುಯ್ದುಕೊಂಡರೆ ಎಂಬ ಭಯ. ಆ ಭಯ ಸುಳ್ಳೇನಲ್ಲ ಬಿಡಿ.

ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಡೊನೇಷನ್ ಪಡೆಯುವಂತಿಲ್ಲ; ಪಡೆದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡ. ಮಗುವಿಗೋ ಅಪ್ಪ-ಅಮ್ಮನಿಗೋ ಇಂಟರ್‌ವ್ಯೂ ಮಾಡಿದರೆ ಮೊದಲ ಸಲ 25 ಸಾವಿರ ರೂ.ವರೆಗೆ. (ಅಲ್ಪಸಂಖ್ಯಾತ ಶಾಲೆಗಳು 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಕಾಯ್ದೆಯ ಹೊರಗಿವೆ.)

ಒಬ್ಬರೇ ಹೋಗಬೇಡಿ. ನಾಲ್ಕಾರು ತಾಯಂದಿರು ಸೇರಿ, ಕೇಳಿದ ಮೊತ್ತ, ದಿನಾಂಕ ಬರೆದು ಸಹಿ ಹಾಕಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.